ಎರಡೂ ಪಾರ್ಟಿ ಸಾಕಪ್ಪಾ ಅನ್ಸಿದ್ರೆ ಅಮೆರಿಕದ ಪ್ರೈಮರೀಲಿ ವೋಟ್ ಹಾಕೋದು ಹೇಗೆ

2016ರ ಏಪ್ರಿಲ್‌ನಲ್ಲಿ ನಾನು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದ್ದೆ, ಸಿಟಿಜನ್ ಆಗಿ ಒಂದು ವರ್ಷ ಆಗಿತ್ತು, ಮೊದಲನೇ ಪ್ರೈಮರಿ (ಪಾರ್ಟಿ ಅಭ್ಯರ್ಥಿ ಯಾರು ಅಂತ ವೋಟರ್‌ಗಳೇ ಆರಿಸೋ ಎಲೆಕ್ಷನ್) ಅಂತ ಬೆಳಗ್ಗೆನೇ ಎದ್ದು ಸ್ನಾನ ಮಾಡ್ಕೊಂಡು ಬೂತ್‌ಗೆ ಹೋದೆ, ಅಲ್ಲಿ ಲಿಸ್ಟ್ ನೋಡಿದೋರು ನಿಮ್ಮ ಹೆಸರಿದೆ ಆದ್ರೆ ನೀವು ಯಾವ ಪಾರ್ಟೀಲೂ ಇಲ್ಲ, ಇವತ್ತು ವೋಟ್ ಹಾಕೋ ಹಾಗಿಲ್ಲ ಅಂದ್ರು. ರಿಜಿಸ್ಟರ್ ಮಾಡೋವಾಗ ಪಾರ್ಟಿ ಯಾವ್ದು ಅನ್ನೋ ಕಡೆ ನಮಗ್ಯಾಕೆ ಪಾರ್ಟಿ ಗೀರ್ಟಿ, ಡೆಮಾಕ್ರಟ್, ರಿಪಬ್ಲಿಕನ್ ಇಬ್ರೂ ಒಂದೇ ಅಂತ 'ಯಾವ್ದೂ ಇಲ್ಲ' ಅಂತ ಟಿಕ್ ಹಾಕಿದ್ದೆ. ಅದನ್ನ ಬದಲಾಯಿಸೋಕೆ ಕೊನೇ ದಿನ ಹಿಂದಿನ ಅಕ್ಟೋಬರ್‌ನಲ್ಲೇ ಮುಗಿದುಹೋಗಿತ್ತು, ಅಂದ್ರೆ ವೋಟಿಂಗ್‌ಗೆ ಆರು ತಿಂಗಳ ಮುಂಚೆ! ಅದೇ ಎಲೆಕ್ಷನ್‌ನಲ್ಲಿ ಟ್ರಂಪ್ ಮಕ್ಕಳು ಇವಾಂಕಾ ಮತ್ತೆ ಎರಿಕ್ ಕೂಡ ಇದೇ ಕಾರಣಕ್ಕೆ ಸ್ವಂತ ಅಪ್ಪನಿಗೆ ವೋಟ್ ಹಾಕೋಕೆ ಆಗ್ಲಿಲ್ಲ. ಅವರ ಮನೆಯೋರಿಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ನಮಗೆ ಹೇಗೆ ಗೊತ್ತಾಗ್ಬೇಕು ಹೇಳಿ.

ಆವತ್ತಿಂದ ನಮ್ಮ ಕನ್ನಡ ಕೂಟದಲ್ಲಿ ಯಾರು ಹೊಸದಾಗಿ ಸಿಟಿಜನ್ ಆದ್ರೂ ನಾನು ಕೂರಿಸ್ಕೊಂಡು ಹೇಳೋದನ್ನೇ ಇಲ್ಲಿ ಬರೀತಿದ್ದೀನಿ. ಎರಡು ಪಾರ್ಟಿ ಮೇಲೂ ಸಿಟ್ಟಿರೋರು ಇಲ್ಲಿ ತುಂಬಾ ಜನ ಇದ್ದಾರೆ, ಗ್ಯಾಲಪ್ ಸಂಸ್ಥೆ 2024ರಲ್ಲಿ ಕೇಳಿದಾಗ ನೂರಕ್ಕೆ 43 ಜನ ನಾವು ಇಂಡಿಪೆಂಡೆಂಟ್ ಅಂತ ಹೇಳಿದ್ರು. ಬೇಜಾರೇನಂದ್ರೆ ಸಿಟ್ಟಿರೋರೇ ಪ್ರೈಮರೀಲಿ ಮನೇಲಿ ಕೂತಿರ್ತಾರೆ, ನವೆಂಬರ್‌ನ ಮುಖ್ಯ ಎಲೆಕ್ಷನ್‌ನಲ್ಲಿ ಬ್ಯಾಲಟ್ ನೋಡಿ ಇದೇನು ಇವರಿಬ್ರೇನಾ ಅಂತ ಕೇಳ್ತಾರೆ. ಅಷ್ಟೊತ್ತಿಗೆ ಎಲ್ಲಾ ಮುಗಿದಿರತ್ತೆ.

ಮೊದಲು ಒಂದು ಎಚ್ಚರಿಕೆ

ಇದು ಅಮೆರಿಕನ್ ಸಿಟಿಜನ್ ಆದೋರಿಗೆ ಮಾತ್ರ. ಎಚ್-1ಬಿ, ಗ್ರೀನ್ ಕಾರ್ಡ್‌ನಲ್ಲಿರೋರು ದಯವಿಟ್ಟು ಫೆಡರಲ್, ಸ್ಟೇಟ್ ಎಲೆಕ್ಷನ್‌ಗೆ ರಿಜಿಸ್ಟರ್ ಆಗೋಕೆ ಹೋಗ್ಬೇಡಿ. ಡ್ರೈವಿಂಗ್ ಲೈಸೆನ್ಸ್ ಮಾಡಿಸೋವಾಗ ಕೌಂಟರ್‌ನಲ್ಲಿ ವೋಟರ್ ಆಗ್ತೀರಾ ಅಂತ ಕೇಳ್ತಾರೆ, ಸ್ಕ್ರೀನ್‌ನಲ್ಲಿ ಸುಮ್ನೆ ಯೆಸ್ ಯೆಸ್ ಅಂತ ಒತ್ತಿ ಬರೋರಿದ್ದಾರೆ, ಆದ್ರೆ ನಾನು ಸಿಟಿಜನ್ ಅಂತ ತಪ್ಪಾಗಿ ಸೈನ್ ಮಾಡಿದ್ರೆ ಮುಂದೆ ಸಿಟಿಜನ್‌ಶಿಪ್ ಅರ್ಜಿ ತಿರಸ್ಕಾರ ಆಗ್ಬಹುದು, ಗಡೀಪಾರಿನ ತನಕ ಹೋಗ್ಬಹುದು. ಗೊತ್ತಿಲ್ದೆ ಆಯ್ತು ಅಂದ್ರೆ ಸುಲಭಕ್ಕೆ ಬಿಡಲ್ಲ.

ಪ್ರೈಮರಿ ಅಂದ್ರೆ ಬಿ ಫಾರಂ ಹಂಚೋ ದಿನ

ಊರಲ್ಲಿ ಹೇಗೆ? ಎಲೆಕ್ಷನ್ ಬಂದ್ರೆ ಟಿಕೆಟ್ ಯಾರಿಗೆ ಅನ್ನೋದು ಹೈಕಮಾಂಡ್ ತೀರ್ಮಾನ, ಬಿ ಫಾರಂ ಕೈಗೆ ಸಿಗೋ ತನಕ ಅಭ್ಯರ್ಥಿಗೂ ನಿದ್ದೆ ಇಲ್ಲ, ನಮ್ಮನ್ನ ಯಾರೂ ಕೇಳಲ್ಲ. ಇಲ್ಲಿ ಆ ಬಿ ಫಾರಂ ಯಾರಿಗೆ ಅಂತ ಹೇಳೋದು ಸಾಮಾನ್ಯ ವೋಟರ್, ಆ ದಿನಕ್ಕೇ ಪ್ರೈಮರಿ ಅನ್ನೋದು. ಮೊದಲು ಇಲ್ಲೂ ಹೈಕಮಾಂಡ್ ಕಾಲನೇ ಇತ್ತು, 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರೀಲೂ ನಿಲ್ಲದೆ ಡೆಮಾಕ್ರಟಿಕ್ ಅಭ್ಯರ್ಥಿ ಆದ್ರು, ಶಿಕಾಗೋ ಬೀದೀಲಿ ಗಲಾಟೆ ಆಯ್ತು, ಅದಾದ್ಮೇಲೆ ನಿಯಮ ಬದಲಾಗಿ ಪ್ರೈಮರಿಗೆ ಈಗಿನ ತೂಕ ಬಂತು. 2024ರಲ್ಲಿ ಬೈಡನ್ ಜುಲೈ 21ಕ್ಕೆ ಹಿಂದೆ ಸರಿದು ಹ್ಯಾರಿಸ್ ಬಂದಾಗ, ನಾವು ಪ್ರೈಮರೀಲಿ ಹಾಕಿದ ವೋಟಿಗೆ ಅರ್ಥ ಏನು ಅಂತ ತುಂಬಾ ಜನ ಕೇಳಿದ್ರಲ್ಲ, ಆ ಸಿಟ್ಟು ನ್ಯಾಯವಾದದ್ದೇ ಅಂತ ನನಗೆ ಈಗ್ಲೂ ಅನ್ಸತ್ತೆ.

ಅಮೆರಿಕನ್ ಹೌಸ್‌ನ (ನಮ್ಮ ಲೋಕಸಭೆ ಥರದ್ದು) 435 ಸೀಟಲ್ಲಿ ನವೆಂಬರ್‌ನಲ್ಲಿ ನಿಜವಾಗ್ಲೂ ಟಕ್ಕರ್ ಇರೋದು ಕೆಲವೇ ಡಜನ್ ಸೀಟಲ್ಲಿ. ಉಳಿದ ಕಡೆ ಯಾವ ಪಾರ್ಟಿ ಗೆಲ್ಲತ್ತೆ ಅಂತ ಮೊದಲೇ ಗೊತ್ತು, ಹಾಗಾಗಿ ಆ ಪಾರ್ಟಿ ಪ್ರೈಮರಿ ಗೆದ್ದೋರೇ ಎಂಪಿ. ನಮ್ಮ ಚಿಕ್ಕೋಡೀಲಿ ಹುಟ್ಟಿ ಬೆಳಗಾವೀಲಿ ಬೆಳೆದ ಶ್ರೀ ಥಾಣೇದಾರ್ ಅವರನ್ನೇ ನೋಡಿ, 2018ರಲ್ಲಿ ಮಿಶಿಗನ್ ಗವರ್ನರ್ ಆಗೋಕೆ ಡೆಮಾಕ್ರಟಿಕ್ ಪ್ರೈಮರೀಲಿ ನಿಂತು ಸೋತ್ರು, 2022ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಇರೋ 13ನೇ ಡಿಸ್ಟ್ರಿಕ್ಟ್‌ನಲ್ಲಿ (ಅಂದ್ರೆ ಕ್ಷೇತ್ರದಲ್ಲಿ) ನಿಂತ್ರು, ಕಣದಲ್ಲಿ ತುಂಬಾ ಜನ ಇದ್ದದ್ರಿಂದ ವೋಟು ಹಂಚಿಹೋಗಿ ಸುಮಾರು 28 ಪರ್ಸೆಂಟ್‌ಗೇ ಪ್ರೈಮರಿ ಗೆದ್ರು, ನವೆಂಬರ್‌ನಲ್ಲಿ 70 ಪರ್ಸೆಂಟ್ ಮೇಲೆ ತಗೊಂಡು ವಾಷಿಂಗ್ಟನ್‌ಗೆ ಹೋದ್ರು. ಅವರು ಒಳ್ಳೆಯವ್ರೋ ಅಲ್ವೋ ಅನ್ನೋದು ಇಲ್ಲಿ ಮಾತಲ್ಲ. ಆ ಸೀಟು ತೀರ್ಮಾನ ಆಗಿದ್ದು ಆಗಸ್ಟ್‌ನಲ್ಲಿ, ರಜೆಗೆ ಬೆಂಗಳೂರಿಗೆ ಹೋಗಿದ್ದ ನಮ್ಮೋರು ವಾಪಸ್ ಬರೋದ್ರೊಳಗೆ ಕಥೆ ಮುಗಿದಿತ್ತು.

ವೋಟಿನ ಲೆಕ್ಕ ಎಷ್ಟು ಚಿಕ್ಕದು ಅನ್ನೋದಕ್ಕೆ ಇನ್ನೆರಡು ಉದಾಹರಣೆ. 2014ರ ಜೂನ್‌ನಲ್ಲಿ ವರ್ಜೀನಿಯಾದಲ್ಲಿ ಎರಿಕ್ ಕ್ಯಾಂಟರ್, ಹೌಸ್‌ನಲ್ಲಿ ರಿಪಬ್ಲಿಕನ್ ಮೆಜಾರಿಟಿ ಲೀಡರ್ ಆಗಿದ್ದೋರು, ಡೇವ್ ಬ್ರ್ಯಾಟ್ ಅನ್ನೋ ಕಾಲೇಜ್ ಪ್ರೊಫೆಸರ್ ಕೈಲಿ ಏಳು ಸಾವಿರ ಚಿಲ್ಲರೆ ವೋಟಲ್ಲಿ ಸೋತ್ರು. 2018ರ ಜೂನ್‌ನಲ್ಲಿ ಕ್ವೀನ್ಸ್, ಬ್ರಾಂಕ್ಸ್ ಸೇರಿದ ಡಿಸ್ಟ್ರಿಕ್ಟ್‌ನಲ್ಲಿ ಒಕಾಸಿಯೋ ಕಾರ್ಟೆಜ್ ಹಳೇ ಹುಲಿ ಜೋ ಕ್ರೌಲಿ ಅವರನ್ನ ಸುಮಾರು ನಾಲ್ಕು ಸಾವಿರದಲ್ಲಿ ಸೋಲಿಸಿದ್ರು. ಏಳು ಲಕ್ಷ ಜನ ಇರೋ ಡಿಸ್ಟ್ರಿಕ್ಟ್‌ನಲ್ಲಿ ನಾಲ್ಕು ಸಾವಿರ! ಇಲ್ಲಿನ ಕನ್ನಡ ಕೂಟಗಳೆಲ್ಲ ಸೇರೋ ನಮ್ಮ 'ಅಕ್ಕ' ಸಮ್ಮೇಳನಕ್ಕೆ ಅದಕ್ಕಿಂತ ಜಾಸ್ತಿ ಜನ ಬರ್ತಾರೆ.

ನಿಮ್ಮ ಸ್ಟೇಟ್‌ನಲ್ಲಿ ಯಾವ ಪದ್ಧತಿ ಅಂತ ತಿಳ್ಕೊಳ್ಳಿ

ಇಲ್ಲೇ ಎಲ್ಲಾರೂ ಎಡವೋದು, ಯಾಕಂದ್ರೆ ಒಂದೊಂದು ಸ್ಟೇಟ್‌ನಲ್ಲಿ ಒಂದೊಂದು ನಿಯಮ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ಫ್ಲಾರಿಡಾ ಇವೆಲ್ಲ ಕ್ಲೋಸ್ಡ್, ಅಂದ್ರೆ ಪಾರ್ಟಿಗೆ ರಿಜಿಸ್ಟರ್ ಆಗಿರೋರು ಮಾತ್ರ ಆ ಪಾರ್ಟಿ ಪ್ರೈಮರೀಲಿ ವೋಟ್ ಹಾಕ್ಬಹುದು. ಟೆಕ್ಸಾಸ್, ಜಾರ್ಜಿಯಾ, ವರ್ಜೀನಿಯಾ, ಮಿಶಿಗನ್ ಇಲ್ಲೆಲ್ಲ ಪಾರ್ಟಿ ರಿಜಿಸ್ಟ್ರೇಷನ್ನೇ ಇಲ್ಲ, ಆವತ್ತು ಹೋಗಿ ಯಾವ ಪಾರ್ಟಿ ಬ್ಯಾಲಟ್ ಬೇಕೋ ತಗೋಬಹುದು, ಆದ್ರೆ ಒಂದೇ. ಮಿಶಿಗನ್‌ನ ಆಗಸ್ಟ್ ಪ್ರೈಮರೀಲಿ ಒಂದೇ ಹಾಳೇಲಿ ಎರಡೂ ಪಾರ್ಟಿ ಕಾಲಂ ಇರತ್ತೆ, ಅದರಲ್ಲೊಬ್ರು ಇದರಲ್ಲೊಬ್ರು ಅಂತ ಒಳ್ಳೇ ಮನಸ್ಸಿಂದ ಗುರುತು ಹಾಕಿದ್ರೂ ಪಾರ್ಟಿ ಭಾಗ ಪೂರ್ತಿ ರದ್ದಾಗತ್ತೆ, ನೋವಿ, ಟ್ರಾಯ್ ಕಡೆ ಇರೋರು ಇದನ್ನ ನೆನಪಿಟ್ಕೊಳ್ಳಿ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ನಾರ್ತ್ ಕ್ಯಾರೊಲೈನಾದಲ್ಲಿ ಪಾರ್ಟಿ ಇಲ್ಲದೋರು ಒಂದು ಪಾರ್ಟಿ ಆರಿಸ್ಕೊಂಡು ಹಾಕ್ಬಹುದು. ಕೊಲರಾಡೋದಲ್ಲಿ ಪಾರ್ಟಿ ಇಲ್ಲದೋರ ಮನೆಗೆ ಎರಡೂ ಬ್ಯಾಲಟ್ ಪೋಸ್ಟಲ್ಲಿ ಬರತ್ತೆ, ಒಂದು ಮಾತ್ರ ತುಂಬಿ ಕಳಿಸ್ಬೇಕು, ಎರಡೂ ಕಳಿಸಿದ್ರೆ ಎರಡೂ ಹೋಯ್ತು.

ಟೆಕ್ಸಾಸ್‌ನೋರಿಗೆ ಇನ್ನೊಂದು ಮಾತು. ಅಲ್ಲಿ ಮಾರ್ಚ್ ಪ್ರೈಮರೀಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರಲಿಲ್ಲ ಅಂದ್ರೆ ಮೇ ತಿಂಗಳಲ್ಲಿ ಮೊದಲೆರಡು ಜನಕ್ಕೆ ರನಾಫ್, ಅಂದ್ರೆ ಇಬ್ರ ಮಧ್ಯೆ ಮತ್ತೆ ವೋಟಿಂಗ್. ಆಗ ಬರೋರು ಇನ್ನೂ ಕಡಿಮೆ, ಹಾಗಾಗಿ ನಿಮ್ಮ ಒಂದು ವೋಟಿನ ತೂಕ ಇನ್ನೂ ಜಾಸ್ತಿ. ಮಾರ್ಚ್‌ನಲ್ಲಿ ಒಂದು ಪಾರ್ಟೀಲಿ ಹಾಕಿದ್ರೆ ಮೇ ತಿಂಗಳಲ್ಲಿ ಇನ್ನೊಂದಕ್ಕೆ ಹೋಗೋ ಹಾಗಿಲ್ಲ, ಮಾರ್ಚ್‌ನಲ್ಲಿ ಹಾಕೇ ಇಲ್ಲ ಅಂದ್ರೆ ಯಾವ್ದಕ್ಕಾದ್ರೂ ಹೋಗ್ಬಹುದು. ಫ್ರಿಸ್ಕೋ, ಅರ್ವಿಂಗ್ ಕಡೆ ಇರೋರು ಆ ಎರಡನೇ ತಾರೀಖನ್ನೂ ಕ್ಯಾಲೆಂಡರ್‌ಗೆ ಹಾಕ್ಕೊಳ್ಳಿ.

ಕೊನೇ ದಿನಾಂಕ

ಕ್ಲೋಸ್ಡ್ ಸ್ಟೇಟ್‌ನಲ್ಲಿದ್ರೆ ಇದೇ ಪ್ರಾಣ. ನ್ಯೂಯಾರ್ಕ್‌ನಲ್ಲಿ ಈಗ ಜೂನ್ ಪ್ರೈಮರಿಗೆ ಪಾರ್ಟಿ ಬದಲಾಯಿಸೋಕೆ ಫೆಬ್ರವರಿ 14 ಕೊನೆ. ನ್ಯೂಜೆರ್ಸೀಲಿ ಒಂದು ಪಾರ್ಟಿಯಿಂದ ಇನ್ನೊಂದಕ್ಕೆ ಹೋಗೋಕೆ ಪ್ರೈಮರಿಗೆ 55 ದಿನ ಮುಂಚೆ, ಫ್ಲಾರಿಡಾದಲ್ಲಿ 29 ದಿನ, ಪೆನ್ಸಿಲ್ವೇನಿಯಾದಲ್ಲಿ 15 ದಿನ. ಕೆಂಟಕೀಲಂತೂ ಹಿಂದಿನ ವರ್ಷದ ಡಿಸೆಂಬರ್ 31ಕ್ಕೇ ಮುಗೀತು. ಈ ನಿಯಮಗಳು ಆಗಾಗ ಬದಲಾಗ್ತಾ ಇರತ್ತೆ, ಹಾಗಾಗಿ ನನ್ನ ಮಾತು ಕೇಳಿ ಸುಮ್ನಾಗ್ಬೇಡಿ, ವೋಟ್ ಡಾಟ್ ಗವ್‌ಗೆ ಹೋಗಿ ನಿಮ್ಮ ಸ್ಟೇಟ್ ಆರಿಸಿದ್ರೆ ಸರ್ಕಾರದ್ದೇ ಪುಟಕ್ಕೆ ಕರ್ಕೊಂಡು ಹೋಗತ್ತೆ, ಅಲ್ಲಿ ನಿಮ್ಮ ಹೆಸರು, ವಿಳಾಸ, ಪಾರ್ಟಿ ಏನಂತ ಇದೆ ಅಂತ ಇವತ್ತೇ ನೋಡಿ. ಮನೆ ಬದಲಾಯಿಸಿದೋರು ಅಂತೂ ನೋಡ್ಲೇಬೇಕು.

ಇನ್ನೊಂದು ಹಳ್ಳ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿ ಅಂತ ನಿಜವಾದ ಒಂದು ಪಾರ್ಟಿ ಇದೆ, 1960ರ ದಶಕದಲ್ಲಿ ಜನಾಂಗ ಬೇರ್ಪಡಿಕೆ ಪರ ಇದ್ದ ಜಾರ್ಜ್ ವ್ಯಾಲೇಸ್ ಕಾಲದ್ದು. ನಾವು ಇಂಡಿಪೆಂಡೆಂಟ್ ಅಂದ್ಕೊಂಡು ಆ ಹೆಸರಿಗೆ ಟಿಕ್ ಹಾಕಿ ಆ ಪಾರ್ಟಿಗೆ ಸೇರಿಹೋದೋರು ಬೇಕಾದಷ್ಟು ಜನ. ಪಾರ್ಟಿ ಬೇಡ ಅಂದ್ರೆ ಅಲ್ಲಿ ಹಾಕ್ಬೇಕಾದ್ದು 'ನೋ ಪಾರ್ಟಿ ಪ್ರೆಫರೆನ್ಸ್' ಅಂತ.

ಯಾವ ಪಾರ್ಟಿಗೆ ರಿಜಿಸ್ಟರ್ ಆಗ್ಬೇಕು

ನನ್ನ ಸಲಹೆ ಕೇಳಿ ಕೆಲವರು ಮುಖ ಸಿಂಡರಿಸ್ತಾರೆ, ಆದ್ರೂ ಹೇಳ್ತೀನಿ. ಕ್ಲೋಸ್ಡ್ ಸ್ಟೇಟ್‌ನಲ್ಲಿ ನಿಮಗೆ ಯಾವ ಪಾರ್ಟಿ ಇಷ್ಟ ಅಂತ ನೋಡೋದಕ್ಕಿಂತ ನಿಮ್ಮ ಏರಿಯಾದಲ್ಲಿ ಯಾವ ಪಾರ್ಟಿ ಯಾವಾಗ್ಲೂ ಗೆಲ್ಲತ್ತೆ ಅಂತ ನೋಡಿ ಅದಕ್ಕೆ ರಿಜಿಸ್ಟರ್ ಆಗಿ. ನಿಮ್ಮ ಮೇಲೆ ಅಧಿಕಾರ ಮಾಡೋ ಮನುಷ್ಯ ಯಾರು ಅನ್ನೋದು ತೀರ್ಮಾನ ಆಗೋ ಮನೆಯೊಳಗೆ ನೀವಿರ್ಬೇಕು, ಹೊರಗೆ ನಿಂತು ಬೈದ್ರೆ ಏನೂ ಆಗಲ್ಲ. ಇಲ್ಲಿ ಪಾರ್ಟಿಗೆ ಸೇರೋದು ಅಂದ್ರೆ ಶಾಲು ಹಾಕಿ ಬಾವುಟ ಕೊಡೋದಲ್ಲ, ಫೀಸ್ ಇಲ್ಲ, ಕಾರ್ಡ್ ಇಲ್ಲ, ನಿಷ್ಠೆ ಪ್ರಮಾಣ ಇಲ್ಲ, ಲಿಸ್ಟಲ್ಲಿ ನಿಮ್ಮ ಹೆಸರ ಮುಂದೆ ಒಂದು ಅಕ್ಷರ ಅಷ್ಟೆ. ನವೆಂಬರ್‌ನಲ್ಲಿ ಯಾರಿಗೆ ಬೇಕಾದ್ರೂ ಹಾಕಿ, ಯಾರೂ ಕೇಳಲ್ಲ. ಒಂದೇ ತೊಂದರೆ, ಆ ಅಕ್ಷರ ಗುಟ್ಟಾಗಿರಲ್ಲ, ಪ್ರಚಾರದೋರ ಕೈಗೆ ಸಿಗತ್ತೆ, ಫೋನು ಮೆಸೇಜು ಜಾಸ್ತಿ ಬರತ್ತೆ. ಅದನ್ನ ತಡ್ಕೋಬಹುದು.

ಅಭ್ಯರ್ಥಿಗಳನ್ನ ಓದೋದು

ನವೆಂಬರ್‌ನಲ್ಲಿ ಏನೂ ಗೊತ್ತಿಲ್ದಿದ್ರೂ ಪಾರ್ಟಿ ಹೆಸರು ನೋಡಿ ಹಾಕ್ಬಹುದು, ಪ್ರೈಮರೀಲಿ ಎಲ್ಲಾರೂ ಒಂದೇ ಪಾರ್ಟಿ, ಹಾಗಾಗಿ ಸ್ವಲ್ಪ ಓದ್ಲೇಬೇಕು. ಎರಡು ಸಂಜೆ ಸಾಕು. ಸ್ಯಾಂಪಲ್ ಬ್ಯಾಲಟ್ ಮನೆಗೆ ಬಂದಿಲ್ಲ ಅಂದ್ರೆ ಕೌಂಟಿ ವೆಬ್‌ಸೈಟಲ್ಲಿ ಇಳಿಸ್ಕೊಳ್ಳಿ, ಬ್ಯಾಲಟ್‌ಪೀಡಿಯಾ ಅನ್ನೋ ವೆಬ್‌ಸೈಟಲ್ಲಿ ಒಬ್ಬೊಬ್ರ ಹೆಸರು ಹುಡುಕಿ, ಹೌಸ್ ಸೆನೆಟ್ ಅಭ್ಯರ್ಥಿಗೆ ದುಡ್ಡು ಎಲ್ಲಿಂದ ಬರ್ತಿದೆ ಅಂತ ಫೆಡರಲ್ ಎಲೆಕ್ಷನ್ ಕಮಿಷನ್ ಸೈಟಲ್ಲಿ ನೋಡಿ. ಪೋಸ್ಟಲ್ಲಿ ಬಣ್ಣಬಣ್ಣದ ಕಾರ್ಡು ಬರತ್ತಲ್ಲ, ಮುಂದಿನ ಫೋಟೋ ಬಿಡಿ, ಹಿಂದೆ ಸಣ್ಣಕ್ಷರದಲ್ಲಿ ಖರ್ಚು ಮಾಡಿದೋರು ಯಾರು ಅಂತ ಬರೆದಿರತ್ತೆ, ಅದನ್ನ ಮೊದಲು ಓದಿ, ಕೇಳಿಲ್ಲದ ಕಮಿಟಿ ಹೆಸರಿದ್ರೆ ಅದು ಯಾರದ್ದು ಅಂತ ಹುಡುಕಿ. ನಮ್ಮ ದೇವಸ್ಥಾನಕ್ಕೆ ದೀಪಾವಳೀಲಿ ಬಂದು ಕುರ್ತಾ ಹಾಕ್ಕೊಂಡು ನಮಸ್ತೆ ಅಂದ ಅಭ್ಯರ್ಥಿಗೆ ಎಲ್ಲಾರೂ ಕರಗಿಬಿಡ್ತಾರೆ, ಅವರು ಸ್ಕೂಲ್ ಬಜೆಟ್‌ಗೆ, ಪ್ರಾಪರ್ಟಿ ಟ್ಯಾಕ್ಸ್‌ಗೆ, ಗ್ರೀನ್ ಕಾರ್ಡ್ ಬ್ಯಾಕ್‌ಲಾಗ್‌ಗೆ ಏನಂತಾರೆ ಅಂತ ಕೇಳೋರು ಕಡಿಮೆ. ಕೇಳಿ. ಪ್ರೈಮರಿ ಟೈಮಲ್ಲಿ ಕೇಳಿದ್ರೆ ಉತ್ತರ ಕೊಡ್ತಾರೆ.

ಬ್ಯಾಲಟ್ ಹಾಳೇನೇ ಮೋಸ ಮಾಡೋ ಕಾಲ ಇತ್ತು ಗೊತ್ತಾ. ನಾನು ಆಮೇಲೆ ಬಂದು ಸೇರಿದ ನ್ಯೂಜೆರ್ಸೀಲಿ ಕೌಂಟಿ ಲೈನ್ ಅಂತ ಇತ್ತು, ಪಾರ್ಟಿ ಮುಖಂಡರು ಒಪ್ಪಿದೋರೆಲ್ಲ ಮೇಲಿಂದ ಕೆಳಗೆ ಒಂದೇ ಸಾಲಲ್ಲಿ ಚಂದಾಗಿ, ಬೇರೆಯೋರ ಹೆಸರು ಎಲ್ಲೋ ಮೂಲೇಲಿ, ನೋಡಿದೋರು ಸಾಲಿಗೆ ಹಾಕಿ ಬರೋರು. ಅಂದ್ರೆ ಹೈಕಮಾಂಡ್ ಬಿ ಫಾರಂ ಹಾಳೆ ಒಳಗೇ ಅಡಗಿತ್ತು. 2024ರಲ್ಲಿ ಆ್ಯಂಡಿ ಕಿಮ್ ಸೆನೆಟ್‌ಗೆ ನಿಂತಾಗ ಕೋರ್ಟಿಗೆ ಹೋದ್ರು, ಮಾರ್ಚ್ 29ಕ್ಕೆ ಫೆಡರಲ್ ಜಡ್ಜ್ ಅವರ ಪರ ಆದೇಶ ಕೊಟ್ರು, ಈಗ ಒಂದು ಹುದ್ದೆಗೆ ನಿಂತೋರೆಲ್ಲ ಒಂದೇ ಚೌಕದಲ್ಲಿ ಇರ್ತಾರೆ. ಈ ಪದ್ಧತಿ ಬದಲಾಗೋದೇ ಇಲ್ಲ ಅನ್ನೋರಿಗೆ ನಾನು ಯಾವಾಗ್ಲೂ ಇದನ್ನೇ ತೋರಿಸ್ತೀನಿ.

ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನೋರಿಗೆ

ಕ್ಯಾಲಿಫೋರ್ನಿಯಾ ಜನ 2010ರಲ್ಲಿ ವೋಟ್ ಹಾಕಿ ಟಾಪ್-ಟೂ ತಂದ್ರು, ಎಲ್ಲಾ ಪಾರ್ಟಿಯೋರೂ ಒಂದೇ ಬ್ಯಾಲಟ್‌ನಲ್ಲಿ, ಮೊದಲೆರಡು ಸ್ಥಾನ ಬಂದೋರು ನವೆಂಬರ್‌ಗೆ, ಇಬ್ರೂ ಒಂದೇ ಪಾರ್ಟಿ ಆದ್ರೂ ಸರಿ. ಫ್ರೀಮಾಂಟ್, ಸನ್ನಿವೇಲ್ ಕಡೆ 2016ರಲ್ಲಿ ರೋ ಖನ್ನಾ ಮತ್ತೆ ಮೈಕ್ ಹೋಂಡಾ ಇಬ್ರೂ ಡೆಮಾಕ್ರಟ್, ಹಾಗಿದ್ರೂ ನವೆಂಬರ್‌ನಲ್ಲಿ ನಿಜವಾದ ಪೈಪೋಟಿ ಆಗಿ ಎಷ್ಟೋ ವರ್ಷದಿಂದ ಕೂತಿದ್ದ ಹೋಂಡಾ ಸೋತ್ರು, ರಿಪಬ್ಲಿಕನ್ನರ ವೋಟಿಗೂ ಅಲ್ಲಿ ಬೆಲೆ ಬಂತು. 2024ರ ಮಾರ್ಚ್‌ನಲ್ಲಿ ಪಕ್ಕದ 16ನೇ ಡಿಸ್ಟ್ರಿಕ್ಟ್‌ನಲ್ಲಿ ಎರಡನೇ ಸ್ಥಾನಕ್ಕೆ ಇವಾನ್ ಲೋ ಮತ್ತೆ ಜೋ ಸಿಮಿಟಿಯನ್ ಇಬ್ರಿಗೂ ಸರಿಯಾಗಿ 30,249 ವೋಟು, ಮರು ಎಣಿಕೇಲಿ ಐದು ವೋಟಲ್ಲಿ ಲೋ ಮುಂದೆ ಬಂದ್ರು. ಒಂದು ಕನ್ನಡ ಮನೇಲಿ ಐದು ವೋಟು ಇರತ್ತೆ. ಪ್ರೆಸಿಡೆಂಟ್ ಪ್ರೈಮರಿಗೆ ಮಾತ್ರ ಈ ಟಾಪ್-ಟೂ ಅನ್ವಯ ಆಗಲ್ಲ, ಪಾರ್ಟಿ ಇಲ್ಲದೋರು ಪಾರ್ಟಿ ಬ್ಯಾಲಟ್ ಬೇಕು ಅಂತ ಕೇಳಿ ತರಿಸ್ಕೋಬೇಕು, ಅದನ್ನೂ ಎಲ್ಲಾ ಪಾರ್ಟಿ ಕೊಡಲ್ಲ. ವಾಷಿಂಗ್ಟನ್ ಸ್ಟೇಟ್‌ನಲ್ಲೂ 2008ರಿಂದ ಹೆಚ್ಚುಕಮ್ಮಿ ಇದೇ ಟಾಪ್-ಟೂ.

ರ‍್ಯಾಂಕ್ ಮಾಡೋ ಬ್ಯಾಲಟ್ ಬಂದ್ರೆ

ನ್ಯೂಯಾರ್ಕ್ ಸಿಟಿ ಪ್ರೈಮರೀಲಿ 2021ರಿಂದ ಐದು ಜನರ ತನಕ ಒಂದು, ಎರಡು, ಮೂರು ಅಂತ ಕ್ರಮ ಕೊಡ್ಬಹುದು. ನಿಮ್ಮ ಒಂದನೇ ಅಭ್ಯರ್ಥಿ ಕೆಳಗೆ ಬಿದ್ರೆ ವೋಟು ಎರಡನೆಯೋರಿಗೆ ಹೋಗತ್ತೆ, ಎರಡನೇ ಹೆಸರು ಬರೆದ್ರೆ ಒಂದನೆಯೋರಿಗೆ ನಷ್ಟ ಆಗಲ್ಲ, ಒಬ್ಬರ ಹೆಸರೇ ಐದು ಸಲ ಗುರುತು ಮಾಡಿದ್ರೆ ಲಾಭ ಏನೂ ಇಲ್ಲ. ಯಾರು ಬರಲೇಬಾರದು ಅನ್ಸತ್ತೋ ಅವರನ್ನ ಐದರಲ್ಲಿ ಎಲ್ಲೂ ಹಾಕ್ಬೇಡಿ. 2025ರ ಜೂನ್‌ನಲ್ಲಿ ಮೇಯರ್ ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರೀಲಿ ನಿಂತಿದ್ದ ಝೊಹ್ರಾನ್ ಮಮ್ದಾನಿ ಮತ್ತೆ ಬ್ರ್ಯಾಡ್ ಲ್ಯಾಂಡರ್ ಒಬ್ರನ್ನೊಬ್ರು ಎರಡನೇ ಸ್ಥಾನಕ್ಕೆ ಹಾಕಿ ಅಂತ ಪ್ರಚಾರ ಮಾಡಿದ್ರು, ಎದುರಾಳಿಗಳು ಕೈ ಹಿಡ್ಕೊಂಡು ಓಡಾಡೋದನ್ನ ನಾನು ಅಲ್ಲಿವರೆಗೂ ನೋಡಿರ್ಲಿಲ್ಲ. ಕೊನೇ ಸುತ್ತಲ್ಲಿ ಮಮ್ದಾನಿ ಸುಮಾರು 56 ಪರ್ಸೆಂಟ್ ತಗೊಂಡು ಮಾಜಿ ಗವರ್ನರ್ ಕ್ವೋಮೋ ಅವರನ್ನ ಸೋಲಿಸಿದ್ರು.

ಒಬ್ರೂ ಇಷ್ಟ ಆಗ್ಲಿಲ್ಲ ಅಂದ್ರೆ

ನಮ್ಮಲ್ಲಿ 2013ರಿಂದ ನೋಟಾ ಇದೆಯಲ್ಲ, ಇಲ್ಲಿ ಆ ಥರ ನೆವಾಡಾದಲ್ಲಿ ಮಾತ್ರ ಇದೆ, 'ಇವರಲ್ಲಿ ಯಾರೂ ಅಲ್ಲ' ಅಂತ. 2024ರ ಫೆಬ್ರವರೀಲಿ ಅಲ್ಲಿನ ರಿಪಬ್ಲಿಕನ್ ಪ್ರೈಮರೀಲಿ ನಿಕ್ಕಿ ಹೇಲಿ ಆ ಸಾಲಿಗೇ ಸೋತ್ರು, ಟ್ರಂಪ್ ಆ ಬ್ಯಾಲಟ್‌ನಲ್ಲಿ ಇರ್ಲೇ ಇಲ್ಲ. ಕೆಲವು ಸ್ಟೇಟ್‌ಗಳ ಪ್ರೆಸಿಡೆಂಟ್ ಪ್ರೈಮರೀಲಿ 'ಅನ್‌ಕಮಿಟೆಡ್' (ಯಾರ ಪರಾನೂ ಅಲ್ಲ) ಅಂತ ಸಾಲು ಇರತ್ತೆ, 2024ರಲ್ಲಿ ಮಿಶಿಗನ್‌ನಲ್ಲಿ ಗಾಜಾ ವಿಷಯಕ್ಕೆ ಬೈಡನ್ ಮೇಲೆ ಸಿಟ್ಟಾಗಿದ್ದ ಒಂದು ಲಕ್ಷಕ್ಕೂ ಜಾಸ್ತಿ ಜನ ಅದನ್ನ ಒತ್ತಿದ್ರು, ದೇಶ ಪೂರ್ತಿ ಅದೇ ಸುದ್ದಿ. ಮನೇಲಿ ಕೂತೋರ ಸಿಟ್ಟನ್ನ ಯಾರೂ ಎಣಿಸಲ್ಲ, ಬ್ಯಾಲಟ್ ಮೇಲೆ ಬರೆದ ಸಿಟ್ಟನ್ನ ಎಣಿಸಲೇಬೇಕು. ತುಂಬಾ ಕಡೆ ಬ್ಯಾಲಟ್‌ನಲ್ಲಿ ಇಲ್ಲದೋರ ಹೆಸರು ಬರೆಯೋ ಜಾಗಾನೂ ಇರತ್ತೆ, 2010ರಲ್ಲಿ ಅಲಾಸ್ಕಾದ ಲೀಸಾ ಮರ್ಕೌಸ್ಕಿ ಪ್ರೈಮರಿ ಸೋತು ನವೆಂಬರ್‌ನಲ್ಲಿ ಜನ ಕೈಲಿ ಹೆಸರು ಬರೆದೇ ಗೆದ್ದು ಬಂದ್ರು, ಆದ್ರೆ ಬಹಳ ಸ್ಟೇಟ್‌ನಲ್ಲಿ ಆ ವ್ಯಕ್ತಿ ಮೊದಲೇ ನೋಂದಾಯಿಸಿದ್ರೆ ಮಾತ್ರ ಲೆಕ್ಕಕ್ಕೆ ಬರತ್ತೆ.

ಮೂರನೇ ಪಾರ್ಟಿ ವಿಷಯ ಕೇಳ್ತೀರ. 1992ರಲ್ಲಿ ಪ್ರೆಸಿಡೆಂಟ್ ಹುದ್ದೆಗೆ ಎರಡೂ ಪಾರ್ಟಿ ಬಿಟ್ಟು ನಿಂತ ರಾಸ್ ಪೆರೋಗೆ ನೂರಕ್ಕೆ ಹತ್ತಿರ ಹತ್ತಿರ 19 ವೋಟು ಬಂದ್ರೂ ಎಲೆಕ್ಟೊರಲ್ ವೋಟು (ಸ್ಟೇಟ್ ಗೆದ್ರೆ ಸಿಗೋದು, ಪ್ರೆಸಿಡೆಂಟ್ ಯಾರು ಅಂತ ತೀರ್ಮಾನ ಮಾಡೋದು) ಸೊನ್ನೆ. 2000ದಲ್ಲಿ ಫ್ಲಾರಿಡಾದಲ್ಲಿ ಬುಷ್ ಗೆದ್ದಿದ್ದು 537 ವೋಟಲ್ಲಿ, ಅಲ್ಲಿ ಗ್ರೀನ್ ಪಾರ್ಟಿಯ ರಾಲ್ಫ್ ನೇಡರ್‌ಗೆ ಬಿದ್ದಿದ್ದು 97 ಸಾವಿರಕ್ಕೂ ಮೇಲೆ. ನಮ್ಮೂರಲ್ಲಿ ಜೆಡಿಎಸ್ ಥರ ಕೆಲವು ಸೀಟು ಇಟ್ಕೊಂಡು ಸರ್ಕಾರ ಮಾಡೋಕೆ ಕೂರೋ ದಾರಿ ಇಲ್ಲಿಲ್ಲ, ಪ್ರೆಸಿಡೆಂಟ್ ಹುದ್ದೆ ಒಂದೇ, ಒಬ್ರಿಗೇ. ಹಾಗಾಗಿ ಪೈಪೋಟಿ ಇರೋ ಸ್ಟೇಟ್‌ನಲ್ಲಿದ್ರೆ ಹತ್ತು ಸಲ ಯೋಚ್ನೆ ಮಾಡಿ, ಒಂದೇ ಕಡೆ ವಾಲಿರೋ ಸ್ಟೇಟ್ ಆದ್ರೆ ಮನಸ್ಸಿಗೆ ಬಂದೋರಿಗೆ ಹಾಕಿ, ಸಾಕಷ್ಟು ವೋಟು ಬಂದ್ರೆ ಆ ಪಾರ್ಟಿಗೆ ಮುಂದಿನ ಸಲ ಬ್ಯಾಲಟ್‌ನಲ್ಲಿ ಜಾಗ ಉಳಿಯಬಹುದು. ನ್ಯೂಯಾರ್ಕ್‌ನಲ್ಲಂತೂ ಒಬ್ಬರೇ ಅಭ್ಯರ್ಥಿ ಎರಡು ಪಾರ್ಟಿ ಸಾಲಲ್ಲಿ ಇರ್ಬಹುದು, ದೊಡ್ಡ ಪಾರ್ಟಿ ಸಾಲು ಬಿಟ್ಟು ಚಿಕ್ಕ ಪಾರ್ಟಿ ಸಾಲಲ್ಲಿ ಒತ್ತಿದ್ರೆ ವೋಟು ವೇಸ್ಟೂ ಆಗಲ್ಲ, ನಿಮ್ಮ ಮಾತೂ ತಲುಪತ್ತೆ.

ಪದ್ಧತೀನೇ ಬದಲಾಗ್ಬೇಕು ಅಂತಿದ್ರೆ

ಅಲಾಸ್ಕಾ 2020ರಲ್ಲಿ ಪಾರ್ಟಿ ಪ್ರೈಮರಿ ಬಿಟ್ಟು ಎಲ್ಲಾರೂ ಒಂದೇ ಬ್ಯಾಲಟ್, ಮೊದಲ ನಾಲ್ಕು ಜನ ನವೆಂಬರ್‌ಗೆ, ಅಲ್ಲಿ ರ‍್ಯಾಂಕಿಂಗ್ ಅಂತ ಮಾಡ್ತು. 2024ರಲ್ಲಿ ಅದನ್ನ ರದ್ದು ಮಾಡೋಕೆ ಹೊರಟಾಗ ಸಾವಿರಕ್ಕಿಂತ ಕಡಿಮೆ ವೋಟಲ್ಲಿ ಉಳ್ಕೊಳ್ತು. ಅದೇ ದಿನ ಕೊಲರಾಡೋ, ಐಡಹೋ, ನೆವಾಡಾ, ಸೌತ್ ಡಕೋಟಾದಲ್ಲಿ ಪ್ರೈಮರಿ ತೆರೆಯೋ ಪ್ರಸ್ತಾಪ ಎಲ್ಲಾ ಸೋತ್ವು, ನನಗೆ ಆ ರಾತ್ರಿ ನಿಜವಾಗ್ಲೂ ಹೊಟ್ಟೆ ಉರೀತು. ಬ್ಯಾಲಟ್ ಹಿಂಬದೀಲಿ ಪ್ರಶ್ನೆಗಳು ಇರತ್ತೆ, ಮುಂಭಾಗ ತುಂಬಿ ಸುಸ್ತಾಗಿ ಅದನ್ನ ಖಾಲಿ ಬಿಡ್ಬೇಡಿ, ಪದ್ಧತಿ ಬದಲಾಗೋದು ಅಲ್ಲೇ.

ಕೆಳಗಿನ ಮಟ್ಟದಲ್ಲಿ ಇನ್ನೊಂದು ದಾರಿ ಇದೆ, ಪಾರ್ಟಿಯ ಪ್ರೆಸಿಂಕ್ಟ್ (ಬೂತ್ ಮಟ್ಟದ) ಅಥವಾ ಕೌಂಟಿ ಕಮಿಟಿ ಸದಸ್ಯತ್ವ. ಪಾರ್ಟಿ ಬೆಂಬಲ ಯಾರಿಗೆ ಅಂತ ಮಾತಾಡೋದು ಇವರೇ, ಎಷ್ಟೋ ಕಡೆ ಸೀಟು ಖಾಲಿ ಬಿದ್ದಿರತ್ತೆ, ಅಕ್ಕಪಕ್ಕದ ಮನೆಯೋರ ಕೆಲವು ಸಹಿ ಇದ್ರೆ ನಿಲ್ಬಹುದು. ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು ಹಾಗೆ ನಿಂತು ಎದುರಾಳಿ ಇಲ್ದೆ ಆಯ್ಕೆ ಆದ್ಲು, ಈಗ ಟೌನ್ ಕೌನ್ಸಿಲ್‌ಗೆ ನಿಲ್ಲೋರು ಮೊದಲು ಅವಳ ಮನೆಗೆ ಬಂದು ಕಾಫಿ ಕುಡೀತಾರೆ.

ಅಪ್ಪ ಅಮ್ಮನ ವೋಟು

ಊರಿಂದ ಬಂದು ಸಿಟಿಜನ್ ಆದ ಅಪ್ಪ ಅಮ್ಮಂದಿರು ತುಂಬಾ ಮನೇಲಿದ್ದಾರೆ, ಇಂಗ್ಲಿಷ್ ಓದೋಕೆ ಕಷ್ಟ ಅಂತ ಅವರನ್ನ ಬಿಟ್ಟು ಹೋಗ್ಬೇಡಿ. ಓದೋಕೆ ಬರೆಯೋಕೆ ಆಗದೋರು ತಮಗೆ ಬೇಕಾದೋರನ್ನ ಸಹಾಯಕ್ಕೆ ಬೂತ್ ಒಳಗೆ ಕರ್ಕೊಂಡು ಹೋಗ್ಬಹುದು ಅಂತ ವೋಟಿಂಗ್ ರೈಟ್ಸ್ ಕಾನೂನಿನ 208ನೇ ಸೆಕ್ಷನ್ ಹೇಳತ್ತೆ, ಅವರ ಕೆಲಸದ ಯಜಮಾನ, ಯೂನಿಯನ್‌ನೋರು ಆಗ್ಬಾರ್ದು ಅಷ್ಟೆ. ಬಾಗಿಲಲ್ಲೇ ನಾನು ಸಹಾಯಕ್ಕೆ ಬಂದಿದ್ದೀನಿ ಅಂತ ಹೇಳಿ, ಕೆಲವು ಕಡೆ ಒಂದು ಫಾರಂಗೆ ಸಹಿ ಕೇಳ್ತಾರೆ. ಒಳಗೆ ಹೆಸರುಗಳನ್ನ ಕನ್ನಡದಲ್ಲಿ ಓದಿ ಹೇಳಿ, ಯಾರಿಗೆ ಅಂತ ಅವರೇ ಬೆರಳಿಟ್ಟು ತೋರಿಸ್ಲಿ. ನಮ್ಮಮ್ಮ ಹಾಸನದೋರು, 76 ವಯಸ್ಸು, ಹೋದ ಪ್ರೈಮರೀಲಿ ನಾನು ಹೇಳಿದೋರನ್ನ ಬಿಟ್ಟು ಬೇರೆಯೋರಿಗೆ ಹಾಕಿ, ಹೊರಗೆ ಬಂದು 'ನಾನು ವೋಟ್ ಹಾಕಿದೆ' ಅನ್ನೋ ಸ್ಟಿಕರ್ ಸೆರಗಿಗೆ ಅಂಟಿಸ್ಕೊಂಡು ಕಾರ್ ಹತ್ತಿದ್ರು.